ಉಣ್ಣೆಗಾಗಿ ಸಮುದ್ರ ದಾಟಿದ್ದು

ಮೈಸೂರು

ಕುರಿಯ ಮೈಮೇಲೆ ಬೆಳೆಯುವುದೂ ನಮ್ಮ ಭಾಷೆಯಲ್ಲಿ ಉಣ್ಣೆ, ಅದೇ ಕುರಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳುವೂ ಉಣ್ಣೆ. ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿದ ನಮ್ಮ ಹಿರಿಯರು ಪುಣ್ಯಾತ್ಮರು, ಅವರಿಗೆ ಇಂಗ್ಲೆಂಡಿಗೆ ಹೋಗುವ ಕೆಲಸ ಬಿದ್ದಿರಲಿಲ್ಲ. ನನಗೆ ಬಿತ್ತು.

ನಾನಾಗ ಮೈಸೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಶಿವಮೊಗ್ಗದ ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದು, ಅದರ ಬೆನ್ನಿಗೇ ಜನ ಜ್ವರ ಬಂದು ಮಲಗುವುದು ಶುರುವಾಗಿದ್ದ ಕಾಲ ಅದು. ಕಾಯಿಲೆ ಹೊಸದು, ಮದ್ದಿಲ್ಲ. ಅದನ್ನು ಹರಡುವುದು ಉಣ್ಣೆ ಎನ್ನುವುದಷ್ಟು ತಿಳಿದಿತ್ತು. ನನ್ನ ಅವ್ವನ ತಮ್ಮ ನಂಜಮಾವ ಮರ ಸಾಗಿಸುವ ಗಾಡಿ ಹೊಡೆಯಲು ಆ ಕಡೆ ಹೋದವನು ಆ ಜ್ವರದಲ್ಲೇ ತೀರಿಕೊಂಡ. ಅವನು ಹೋದ ಮೇಲೆ ನಾನು ಕಪ್ಪೆ ಕೊಯ್ಯುವುದನ್ನು ಬಿಟ್ಟು ಉಣ್ಣೆ ಹಿಡಿಯುವುದಕ್ಕೆ ತೊಡಗಿದೆ.

ನಮ್ಮ ಪ್ರೊಫೆಸರರು ಒಂದು ದಿನ ಕರೆದು ಕೂರಿಸಿಕೊಂಡರು. ಇಂಥ ಅಪಾಯದ ಕಾಯಿಲೆಗಳನ್ನೇ ಅಭ್ಯಾಸ ಮಾಡುವ ಸಂಶೋಧನಾಲಯವೊಂದು ಇಂಗ್ಲೆಂಡಿನಲ್ಲಿದೆ, ಅಲ್ಲಿಯ ಮುಖ್ಯಸ್ಥೆ ನಿನ್ನನ್ನು ಕರೆದಿದ್ದಾರೆ ಎಂದರು. ಜೀವಂತ ಉಣ್ಣೆಗಳನ್ನು ನಿನ್ನ ಕೈಗೆ ಕೊಡಬಹುದು ಎಂದು ಆಕೆ ಬರೆದುಕೊಟ್ಟರೆ ಕಾಲೇಜಿನ ಹಿತ್ತಿಲ ಕೋಣೆಯನ್ನು ಉಣ್ಣೆಗಳಿಗೇ ಬಿಟ್ಟುಕೊಡುತ್ತೇನೆ, ಮೈಸೂರಿನಲ್ಲೇ ಕೆಲಸ ಶುರುಮಾಡು, ಬರೆದುಕೊಡದಿದ್ದರೆ ಮತ್ತೆ ಕಪ್ಪೆಯೇ ಗತಿ ಎಂದರು. ಆ ಕೋಣೆಯ ಮೇಲೆ ನನಗೆ ಎಷ್ಟು ದಿನದಿಂದ ಕಣ್ಣಿತ್ತು ಎಂದರೆ, ಅದರ ಬಾಗಿಲಿಗೆ ಯಾವ ಬಣ್ಣ ಬಳಿಸಬೇಕೆಂಬುದೂ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

ನಾನಿದ್ದದ್ದು ರಾಜಮ್ಮನವರ ಔಟ್‌ಹೌಸಿನಲ್ಲಿ. ಅವರ ಮಾವನವರು ಅರಮನೆಯ ಉಗ್ರಾಣ ನೋಡಿಕೊಂಡಿದ್ದವರು, ಆ ಠೀವಿ ಮನೆಯ ಬೆಕ್ಕಿಗೂ ಬಂದಿತ್ತು. ಊರಾಚೆಯ ಹಳ್ಳಿ ಹೂಟಗಳ್ಳಿಯ ಗೌಡರ ಮಗನಾದ ನನಗೆ ಕಾಫಿ ಜಗಲಿಯ ಮೇಲೆ, ಬೇರೆ ಲೋಟದಲ್ಲಿ. ಕಾಫಿ ಮಾತ್ರ ಅಮೃತ, ಆದ್ದರಿಂದ ಲೋಟದ ವಿಷಯ ನಾನು ಎತ್ತಿದವನಲ್ಲ. ನಾನು ಉಣ್ಣೆಯ ಅಭ್ಯಾಸಕ್ಕೆ ಇಂಗ್ಲೆಂಡಿಗೆ ಹೋಗುವ ಸುದ್ದಿ ಕೇಳಿ ಅವರ ಮುಖ ಅರಳಿತು.

"ಒಳ್ಳೇದಾಯ್ತು ಕಣ್ರೀ ಗೌಡ್ರೇ. ಉಣ್ಣೆ ಅಂದ್ರೆ ಇಂಗ್ಲೆಂಡಿಂದೇ. ಬರೋವಾಗ ನನಗೊಂದು ಸ್ವೆಟರಿಗಾಗುವಷ್ಟು ತಂದ್ಬಿಡಿ. ಕೆನೆ ಬಣ್ಣದ್ದು."

ಅವರು ತಿಳಿದುಕೊಂಡದ್ದು ತಪ್ಪು ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಆ ಹೊತ್ತಿನಲ್ಲಿ ನನ್ನ ಮಂಚದ ಕೆಳಗೆ, ಅವರ ಮನೆಯ ಸೂರಿನಡಿಯಲ್ಲೇ, ಗಾಜಿನ ಕೊಳವೆಗಳಲ್ಲಿ ಉಣ್ಣೆಗಳು ಹಾಯಾಗಿ ಓಡಾಡಿಕೊಂಡಿದ್ದವು. ಆಗಲಿ ಅಮ್ಮಾವ್ರೇ, ಕೆನೆ ಬಣ್ಣದ್ದೇ ತರುತ್ತೇನೆ ಎಂದೆ.

ಹೂಟಗಳ್ಳಿಗೆ ಹೋಗಿ ಹೇಳಿದಾಗ ಅವ್ವನಿಗೆ ಯಾವ ಗೊಂದಲವೂ ಆಗಲಿಲ್ಲ. ದನ ಕಟ್ಟಿದವರಿಗೆ ಉಣ್ಣೆ ಎಂದರೆ ಒಂದೇ.

"ಅಲ್ಲ ಕಣೋ ಮಗ, ಉಣ್ಣೆಗೋಸ್ಕರ ಸಮುದ್ರ ದಾಟ್ತಿಯಾ? ನಮ್ ಎಮ್ಮೆ ಕಿವಿ ತುಂಬ ಅವೆ. ಬಂದು ಕಿತ್ಕೊಂಡು ಓಗ್ಬಾರ್ದಾ?"

ನಂಜಮಾವನ ಹೆಸರು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಹತ್ತುವಾಗ ಮಾತ್ರ, ಅವುಗಳ ಕೈಲಿ ನೀನು ಕಚ್ಚಿಸಿಕೊಳ್ಳಬೇಡ ಎಂದಳು.

ಹಡಗು

ಉಣ್ಣೆ ಬದುಕಿದೆಯೋ ಸತ್ತಿದೆಯೋ ನೋಡುವುದು ಸುಲಭ. ಅದರ ಮೇಲೆ ಒಮ್ಮೆ ಉಸಿರು ಬಿಡಬೇಕು. ಹಸು ಬಂತು, ಊಟ ಬಂತು ಎಂದುಕೊಂಡು ಅದು ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಆಡಿಸುತ್ತದೆ. ಸಂಶೋಧನಾಲಯಕ್ಕೆಂದು ಮಂಚದ ಕೆಳಗಿನ ಕೊಳವೆಗಳನ್ನೂ ಹೊತ್ತು ಮುಂಬಯಿಯಲ್ಲಿ ಹಡಗು ಹತ್ತಿದ ಮೇಲೆ ನಾನು ಪ್ರತಿ ಬೆಳಿಗ್ಗೆ ಡೆಕ್ಕಿನ ಮೂಲೆಯಲ್ಲಿ ಕಾಲು ಮಡಿಚಿ ಕುಳಿತು, ಒಂದೊಂದೇ ಕೊಳವೆಯ ಬಿರಡೆ ಸಡಿಲಿಸಿ, ದೀರ್ಘವಾಗಿ ಉಸಿರೆಳೆದು ಮೆಲ್ಲಗೆ ಬಿಡುತ್ತಿದ್ದೆ.

ಹಡಗಿನಲ್ಲಿ ನಿವೃತ್ತ ಕರ್ನಲ್ ಒಬ್ಬರ ಹೆಂಡತಿ ಇದ್ದರು. ನಾಲ್ಕಾರು ದಿನ ನನ್ನನ್ನು ದೂರದಿಂದ ಗಮನಿಸಿ, ಒಂದು ಬೆಳಿಗ್ಗೆ ಪಕ್ಕದಲ್ಲೇ ಕಂಬಳಿ ಹಾಸಿಕೊಂಡು ಕುಳಿತುಬಿಟ್ಟರು. ಇಪ್ಪತ್ತು ವರ್ಷ ಇಂಡಿಯಾದಲ್ಲಿದ್ದರೂ ಯೋಗಿಯೊಬ್ಬರನ್ನು ಹತ್ತಿರದಿಂದ ನೋಡುವ ಭಾಗ್ಯ ಸಿಕ್ಕಿರಲಿಲ್ಲವಂತೆ. ನಾನು ಉಸಿರೆಳೆದರೆ ಅವರೂ ಎಳೆಯುತ್ತಿದ್ದರು, ಬಿಟ್ಟರೆ ಬಿಡುತ್ತಿದ್ದರು. ಏಡನ್ ದಾಟುವ ಹೊತ್ತಿಗೆ ಇನ್ನಿಬ್ಬರು ಹೆಂಗಸರು ಸೇರಿಕೊಂಡರು. ಕೊಳವೆಯಲ್ಲಿ ಏನಿದೆ ಎಂದು ಒಬ್ಬರು ಕೇಳಿದ್ದಕ್ಕೆ, ಅದು ಸಾಧಕನಿಗೂ ಗುರುವಿಗೂ ಮಾತ್ರ ತಿಳಿಯತಕ್ಕದ್ದು ಎಂದು ಕರ್ನಲ್ಲರ ಹೆಂಡತಿಯೇ ಉತ್ತರ ಕೊಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಮಲಬದ್ಧತೆ ಹೋಯಿತೆಂದು ಆಕೆ ಇಳಿಯುವಾಗ ಕೈಕುಲುಕಿ ಹೇಳಿದರು.

ಸುಂಕದ ಕಟ್ಟೆ

ಬಂದರಿನಲ್ಲಿ ಇಳಿದಾಗ ನನಗಿದ್ದ ಭಯ ಹುಳುಗಳದ್ದೇ. ಪರದೇಶದ ಹುಳುಗಳನ್ನು ಜೀವಂತವಾಗಿ ತರುವುದೆಂದರೆ ಹುಡುಗಾಟವಲ್ಲ. ಸಂಶೋಧನಾಲಯದ ಅನುಮತಿ ಪತ್ರವನ್ನು ಮುಂದೆ ಹಿಡಿದು ನಿಂತೆ. ಅಧಿಕಾರಿ ಪತ್ರ ಓದಿದ, ಕೊಳವೆಗಳನ್ನು ಬೆಳಕಿಗೆ ಹಿಡಿದ, ಕಾಗದ ಸರಿಯಿದೆ ಎಂದು ಸಲಾಮು ಹೊಡೆದು ಹಿಂದಕ್ಕೆ ಕೊಟ್ಟ. ಆಮೇಲೆ ರಾಜಮ್ಮನವರು ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಡಬ್ಬಿ ಸಿಕ್ಕಿತು.

ಅದಕ್ಕೆ ಕಾಗದ ಇರಲಿಲ್ಲ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದವನು ಆರೇಳು ಸಲ ಸೀನಿದ. ಇನ್ನೊಬ್ಬ ಬಂದ, ಅವನೂ ಸೀನಿದ. ಇದು ಯಾವ ಬಗೆಯ ವಸ್ತು, ಇದರ ಪರಿಣಾಮವೇನು, ಎಷ್ಟು ಪ್ರಮಾಣದಲ್ಲಿ ಬಳಸುತ್ತೀರಿ ಎಂದೆಲ್ಲ ಪ್ರಶ್ನೆ. ಅನ್ನಕ್ಕೆ ತುಪ್ಪದ ಜೊತೆ ಕಲಸಿಕೊಳ್ಳುತ್ತೇವೆ ಎಂದರೆ ನಂಬಲಿಲ್ಲ. ಒಂದು ಊರನ್ನೇ ಮಲಗಿಸಬಹುದಾದ ಹುಳುಗಳು ನನ್ನ ಜೇಬಿನಲ್ಲಿ ದೇಶದೊಳಗೆ ಬಂದವು, ಚಟ್ನಿಪುಡಿ ಮುಟ್ಟುಗೋಲಾಯಿತು. ಮುಂದಿನ ಮೂರು ತಿಂಗಳು ಬೇಯಿಸಿದ ಆಲೂಗಡ್ಡೆಯ ಮುಂದೆ ಕುಳಿತಾಗಲೆಲ್ಲ ಆ ಇಬ್ಬರಿಗೂ ಶಾಪ ಹಾಕಿದ್ದೇನೆ.

ಮಿಸೆಸ್ ಗಿಬ್ಸ್ ಮನೆ

ದಕ್ಷಿಣದ ಒಂದು ಸಣ್ಣ ಊರು. ನನಗೆ ಕೋಣೆ ಬಾಡಿಗೆಗೆ ಕೊಟ್ಟವರು ಮಿಸೆಸ್ ಗಿಬ್ಸ್ ಎಂಬ ವಿಧವೆ. ಇಂಡಿಯಾದವನು ಎಂದು ಆಕೆ ಹಿಂದೆಮುಂದೆ ನೋಡಲಿಲ್ಲ, ಅದಕ್ಕೆ ಅವರಿಗೆ ದೊಡ್ಡ ನಮಸ್ಕಾರ. ನಾನು ಬೆಟ್ಟದ ಆಚೆ, ತಂತಿ ಬೇಲಿಯೊಳಗಿನ ಸಂಶೋಧನಾಲಯಕ್ಕೆ ಬಂದವನು ಎಂದು ತಿಳಿದಾಗ ಮಾತ್ರ ಆಕೆ ಚಹದ ಬಟ್ಟಲು ಕೆಳಗಿಟ್ಟು ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಯುದ್ಧದ ಕಾಲದಲ್ಲಿ ಶತ್ರುಗಳು ರೋಗಾಣು ಎಸೆದರೆ ಏನು ಮಾಡುವುದೆಂದು ಅಲ್ಲಿ ಏನೇನೋ ಬೇಯಿಸುತ್ತಿದ್ದರಂತೆ. ಈಗ ಜ್ವರಗಳ ಅಭ್ಯಾಸ ಮಾತ್ರ ಎಂದು ಸಂಶೋಧನಾಲಯದವರು ಹೇಳುತ್ತಿದ್ದರು, ಊರು ನಂಬುತ್ತಿರಲಿಲ್ಲ.

ಮಾರನೆಯ ದಿನದಿಂದ ನನ್ನ ಬಟ್ಟಲು ಬೇರೆಯಾಯಿತು. ಹಿಡಿಯ ಮೇಲೆ ಕೆಂಪು ದಾರ ಕಟ್ಟಿದ ಬಟ್ಟಲು, ಹಿಂಬಾಗಿಲ ಮೆಟ್ಟಿಲಿನ ಪಕ್ಕದ ಕಲ್ಲಿನ ಮೇಲೆ. ಆರು ಸಾವಿರ ಮೈಲಿ ಬಂದರೂ ಜಗಲಿ ನನ್ನ ಜೊತೆಯಲ್ಲೇ ಬಂದಿತ್ತು. ನಗು ತಡೆಯಲಾಗದೆ ಮೆಟ್ಟಿಲ ಮೇಲೇ ಕುಳಿತುಬಿಟ್ಟೆ. ರಾಜಮ್ಮನವರ ಕಾಫಿಗೆ ಮಾತ್ರ ಆಕೆಯ ಚಹ ಯಾವ ರೀತಿಯಲ್ಲೂ ಸಮವಲ್ಲ.

ತಂತಿ ಬೇಲಿಯ ಒಳಗೆ

ಸಂಶೋಧನಾಲಯದ ಮುಖ್ಯಸ್ಥೆ ಮಿಸ್ ಪಾಮರ್. ಐವತ್ತರ ಮೇಲಿನ ವಯಸ್ಸು, ಬಿದಿರ ಗಳದಂತಹ ಮೈಕಟ್ಟು, ನಗು ಎಂಬುದನ್ನು ಎಲ್ಲೋ ಭದ್ರವಾಗಿಟ್ಟು ಬೀಗದ ಕೈ ಕಳೆದುಕೊಂಡವರು. ಅಲ್ಲಿಯ ನಿಯಮಗಳೆಲ್ಲ ಅವರೇ ಬರೆದದ್ದು. ಹೊರಗಿನ ಬಟ್ಟೆ ಹೊರಗೆ, ಒಳಗಿನ ಬಟ್ಟೆ ಒಳಗೆ, ಮಧ್ಯದಲ್ಲಿ ಸ್ನಾನ. ಕೊಳವೆಗಳನ್ನು ಬೆಳಿಗ್ಗೆ ಸಂಜೆ ಲೆಕ್ಕ ಮಾಡಬೇಕು. ಒಂದು ಹುಳು ಕಳೆದರೂ ಕಳೆದವನು ಊರಿಗೆ ವಾಪಸ್, ಕಾರಣ ಕೇಳುವಂತಿಲ್ಲ. ಇದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು. ನಿಜವಾದ ಕೆಲಸ ನಡೆಯುವುದು ಒಳಕೋಣೆಯಲ್ಲಿ, ಅಲ್ಲಿಗೆ ನಿಮ್ಮನ್ನು ಬಿಡುವುದೋ ಬೇಡವೋ ಎಂಬುದನ್ನು ನಾನು ನೋಡಿ ತೀರ್ಮಾನಿಸುತ್ತೇನೆ ಎಂದೂ ಹೇಳಿದರು.

ಈ ಕಟ್ಟುನಿಟ್ಟಿನ ಹೆಂಗಸು ತಮಗೆ ಮಾತ್ರ ಒಂದು ರಿಯಾಯಿತಿ ಇಟ್ಟುಕೊಂಡಿದ್ದರು. ಅವರಿಗೆ ಚಳಿ ತಡೆಯುತ್ತಿರಲಿಲ್ಲ. ಬಿಳಿ ಕೋಟಿನ ಮೇಲೆ ಮುಂದೆ ಗುಂಡಿಯಿರುವ ಒಂದು ಬೂದು ಬಣ್ಣದ ಸ್ವೆಟರು ಯಾವಾಗಲೂ ಇರುತ್ತಿತ್ತು. ಅದರ ಬಗ್ಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತಿಂಗಳೆರಡು ಕಳೆದಿರಬೇಕು. ಒಂದು ಸಂಜೆ ಚಹದ ಹೊತ್ತಿನಲ್ಲಿ ಅವರು ಆ ಸ್ವೆಟರಿನ ತೋಳು ಹಿಡಿದು, ನಿಮ್ಮ ಭಾಷೆಯಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದರು. ಹೊಸ ಭಾಷೆಯ ಒಂದೊಂದು ಮಾತು ಕಲಿಯುವುದು ಅವರಿಗಿದ್ದ ಒಂದೇ ಖಯಾಲಿ. ಉಣ್ಣೆ ಎಂದೆ. ಉನ್ನೆ, ಉನ್ನೆ ಎಂದು ಏಳೆಂಟು ಸಲ ನಾಲಿಗೆ ತಿರುಗಿಸಿ ಕೊನೆಗೆ ಸರಿಯಾಗಿ ಉಣ್ಣೆ ಎಂದರು. ಹುಳಕ್ಕೂ ಅದೇ ಹೆಸರು ಎನ್ನುವ ಮಾತು ನನ್ನ ಗಂಟಲವರೆಗೆ ಬಂತು. ಇರಲಿ, ಇನ್ನೊಂದು ದಿನ ಮಜಾ ತೆಗೆದುಕೊಳ್ಳೋಣ ಎಂದು ನುಂಗಿಕೊಂಡೆ. ಆಮೇಲೆ ಅವರು ನಾನು ಹೇಳಿದ್ದ ಉಸಿರಿನ ಆಟ ನೋಡಬೇಕೆಂದು ಹುಳುಗಳ ಕೋಣೆಗೆ ಬಂದರು. ಕೊಳವೆಯ ಬಿರಡೆ ತೆಗೆದು ನಾನು ಉಸಿರು ಬಿಟ್ಟೆ, ಅವರೂ ಬಗ್ಗಿ ಉಸಿರು ಬಿಟ್ಟರು. ಉಣ್ಣೆಗಳೆಲ್ಲ ಕಾಲೆತ್ತಿ ಆಡಿಸಿದವು. ಮಿಸ್ ಪಾಮರ್ ಅವರ ತುಟಿಯ ಒಂದು ತುದಿ ಅರ್ಧ ಅಕ್ಕಿಕಾಳಿನಷ್ಟು ಮೇಲಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಬೆಳಿಗ್ಗೆ ಲೆಕ್ಕ ಮಾಡಿದರೆ ಒಂದು ಕಡಿಮೆ.

ಇನ್ನೊಮ್ಮೆ ಮಾಡಿದೆ, ಬೆವರು ಒರೆಸಿಕೊಂಡು ಮತ್ತೊಮ್ಮೆ ಮಾಡಿದೆ. ಒಂದು ಕಡಿಮೆಯೇ. ಹೋಗಿ ಹೇಳಿದೆ. ಕಟ್ಟಡದ ಬಾಗಿಲುಗಳು ಮುಚ್ಚಿದವು, ಎಲ್ಲರೂ ಬಟ್ಟೆ ಕೊಡವಿಕೊಂಡರು, ನೆಲವನ್ನು ಭೂತಗನ್ನಡಿ ಹಿಡಿದು ನೋಡಿದರು. ಸಿಕ್ಕಲಿಲ್ಲ. ಆ ಹುಳುಗಳಲ್ಲಿ ಕೆಲವನ್ನು ನಾನು ಜ್ವರದ ಕಾಡಿನಿಂದಲೇ ತರಿಸಿದ್ದೆ. ಯಾವುದರೊಳಗೆ ಏನಿದೆ ಎಂದು ಇನ್ನೂ ಯಾರೂ ನೋಡಿರಲಿಲ್ಲ.

ಮಿಸ್ ಪಾಮರ್ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಹಿಂದಿನ ಸಂಜೆಯಿಂದ ಕುರ್ಚಿಗೆ ತೂಗುಹಾಕಿದ್ದ ಸ್ವೆಟರನ್ನು ಚಳಿಗೆ ಹೊದ್ದುಕೊಂಡು, ಎದುರು ನಿಂತು ಶುರುಮಾಡಿದರು. ಅಜಾಗರೂಕತೆ ಎಂದರು, ಬೇಜವಾಬ್ದಾರಿ ಎಂದರು, ನಾಳಿದ್ದಿನ ಹಡಗು ಎಂದರು. ನನ್ನ ಹಿತ್ತಿಲ ಕೋಣೆ, ಅದರ ಹಸಿರು ಬಾಗಿಲು, ಎಲ್ಲ ಕಣ್ಣ ಮುಂದೆಯೇ ಕರಗಿಹೋಗುತ್ತಿತ್ತು. ತಲೆ ತಗ್ಗಿಸಿದವನು ಒಮ್ಮೆ ಎತ್ತಿದೆ. ಅವರ ಸ್ವೆಟರಿನ ಕೊರಳಪಟ್ಟಿಯ ಮೇಲೆ, ಬೂದು ನೂಲಿನ ನಡುವೆ, ನಮ್ಮದು ಕುಳಿತಿತ್ತು. ಅವರ ಉಸಿರು ತಗುಲಿದಾಗಲೆಲ್ಲ ಮುಂಗಾಲೆರಡೂ ಮೇಲೆತ್ತಿ ಆಡಿಸುತ್ತಿತ್ತು. ಅವರ ದನಿ ಏರಿದಷ್ಟೂ ಅದು ಇನ್ನಷ್ಟು ಉತ್ಸಾಹದಿಂದ ಕೈಮುಗಿಯುತ್ತಿತ್ತು.

ಗಾಬರಿಯಾದಾಗ ಇಂಗ್ಲಿಷು ಯಾರ ಬಾಯಿಗೆ ಬರುತ್ತದೆ? ನನ್ನ ಬಾಯಿಂದ ಬಂದದ್ದು ಹೂಟಗಳ್ಳಿ.

"ಉಣ್ಣೆ! ಮೇಡಂ, ಉಣ್ಣೆ, ಉಣ್ಣೆ!"

ಅವರು ಮಾತು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೌದು ಮಿಸ್ಟರ್ ಗೌಡ, ಉಣ್ಣೆ. ನನಗೆ ನೆನಪಿದೆ. ಇದು ಪಾಠದ ಸಮಯವಲ್ಲ."

ನಾನು ಬೆರಳು ತೋರಿಸುತ್ತ ಇನ್ನೂ ಗಟ್ಟಿಯಾಗಿ ಉಣ್ಣೆ ಎಂದೆ. ಅವರು ಸ್ವೆಟರನ್ನು ಎಳೆದು ಸರಿಮಾಡಿಕೊಂಡು, ಹೌದು, ಒಳ್ಳೆಯ ಉಣ್ಣೆಯೇ ಎಂದರು. ಹುಳು ಕೊರಳಪಟ್ಟಿಯ ಒಳಮಗ್ಗುಲಿಗೆ ಇಳಿಯಿತು. ಮುಂದಿನದನ್ನು ಹೇಗೆ ಹೇಳಲಿ? ಮುಖ್ಯಸ್ಥೆಯ ಕೊರಳಪಟ್ಟಿಗೆ ಕೈಹಾಕಿ, ಮೇಜಿನ ಮೇಲಿದ್ದ ಚಿಮುಟ ಕಸಿದುಕೊಂಡು, ಹುಳುವನ್ನು ಹಿಡಿದು ಮೇಲೆತ್ತಿದೆ. ಆಗ ನಾಲಿಗೆಗೆ ಇಂಗ್ಲಿಷು ಮರಳಿತು. ಟಿಕ್ ಎಂದೆ.

ಅವರು ಅದನ್ನು ನೋಡಿದರು. ಅದು ಚಿಮುಟದ ತುದಿಯಿಂದಲೇ ಅವರಿಗೆ ಕಾಲಾಡಿಸಿತು.

ಗಾಜಿನ ಕೋಣೆ

ಅವರ ಕತ್ತಿನ ಹಿಂದೆ ಸಾಸಿವೆಯಷ್ಟು ಕೆಂಪು ಗುರುತಿತ್ತು. ಉಣ್ಣೆ ಕಚ್ಚಿತೋ, ಉಣ್ಣೆ ಚುಚ್ಚಿತೋ ಎಂದು ಯಾರು ಹೇಳಬೇಕು? ಒರಟು ನೂಲಿನಿಂದ ತನಗೆ ಹೀಗೆ ಆಗಾಗ ಆಗುತ್ತದೆ ಎಂದು ಅವರೇ ಹೇಳಿದರು. ಹೇಳಿ, ತಮ್ಮದೇ ನಿಯಮದ ಪುಸ್ತಕ ತೆಗೆದು ಸಂಬಂಧಪಟ್ಟ ಪುಟ ನನಗೆ ಓದಿ ತೋರಿಸಿ, ನೆಟ್ಟಗೆ ನಡೆದುಹೋಗಿ, ರೋಗ ತಗುಲಿರಬಹುದಾದವರನ್ನು ಬೇರೆ ಇಡುವ ಗಾಜಿನ ಕೋಣೆಯೊಳಗೆ ಕೂತು ಬಾಗಿಲು ಹಾಕಿಸಿಕೊಂಡರು. ಮೂರು ವಾರ ಯಾರೂ ಮುಟ್ಟುವಂತಿಲ್ಲ. ಸ್ವೆಟರೂ ಅವರ ಜೊತೆಗೇ ಒಳಗೆ ಹೋಯಿತು.

ಆ ಹುಳುವಿನೊಳಗೆ ರೋಗ ಇದೆಯೇ ಎಂದು ನೋಡಬೇಕಾದರೆ ಅದನ್ನು ಅರೆದು ಇಲಿಮರಿಗಳಿಗೆ ಚುಚ್ಚಿ ಕಾಯಬೇಕು. ಅದು ಒಳಕೋಣೆಯ ಕೆಲಸ. ಗಾಜಿನ ಆಚೆಯಿಂದ ಮಾತಾಡುವ ಕೊಳವೆಯಲ್ಲಿ ಅವರು ಒಂದೇ ಮಾತು ಹೇಳಿದರು.

"ಇದನ್ನು ಮಿಸ್ಟರ್ ಗೌಡ ಮಾಡಲಿ. ಹುಳು ಕಂಡಮೇಲೆ ಅವರ ಕೈ ನಡುಗಲಿಲ್ಲ."

ಹೀಗೆ ನಾನು ಬಯಸಿದ ಬಾಗಿಲು ತೆರೆಯಿತು. ಆ ದಿನ ಅದು ನನಗೆ ಬೇಡವಾಗಿತ್ತು. ನಮ್ಮ ದೇಶದಿಂದ ನಾನೇ ಜೇಬಿನಲ್ಲಿ ಹೊತ್ತು ತಂದ ಹುಳು ಈ ಹೆಂಗಸನ್ನು ನಂಜಮಾವನ ದಾರಿ ಹಿಡಿಸಿದರೆ ಏನು ಗತಿ ಎಂಬ ಒಂದೇ ಯೋಚನೆ. ಇಲಿಮರಿಗಳಿಗೆ ಚುಚ್ಚಿದೆ. ಪ್ರತಿ ಬೆಳಿಗ್ಗೆ ಮೊದಲು ಅವುಗಳನ್ನು ನೋಡಿ, ಆಮೇಲೆ ಓಡುತ್ತ ಗಾಜಿನ ಮುಂದೆ ಬಂದು ನಿಲ್ಲುತ್ತಿದ್ದೆ. ಅವರು ಥರ್ಮಾಮೀಟರನ್ನು ಗಾಜಿಗೆ ಒತ್ತಿ ಹಿಡಿದು ತೋರಿಸುತ್ತಿದ್ದರು. ಆಮೇಲೆ ಅಲ್ಲಿಂದಲೇ ಪಾಠ.

ಎರಡನೆಯ ವಾರ ಒಂದು ಬೆಳಿಗ್ಗೆ ಪಾದರಸ ಏರಿತ್ತು. ಅಂದು ಪಾಠ ನಡೆಯಲಿಲ್ಲ. ಆ ದಿನ ನನಗೆ ಅನ್ನ ಸೇರಲಿಲ್ಲ, ಅಂದರೆ ಆಲೂಗಡ್ಡೆ ಸೇರಲಿಲ್ಲ. ಮನೆಗೆ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು, ಈಕೆ ಎದ್ದು ಬಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲೆಲ್ಲ ಬರಿಗಾಲಲ್ಲಿ ಹತ್ತುತ್ತೇನೆ ತಾಯಿ ಎಂದು ಹರಕೆ ಹೊತ್ತುಕೊಂಡೆ. ವಿಜ್ಞಾನಿಯಾದವನು ಇಂಥದ್ದನ್ನು ಅಚ್ಚುಮಾಡಿಸಬಾರದು, ಆದರೆ ಆದದ್ದು ಹಾಗೆ. ಮಿಸೆಸ್ ಗಿಬ್ಸ್ ಕಿಟಕಿಯಿಂದ ನೋಡಿರಬೇಕು. ಹೊರಗೆ ಬಂದು ಪಕ್ಕದಲ್ಲಿ ಕುಳಿತು, ಕೆಂಪು ದಾರವಿಲ್ಲದ ಬಟ್ಟಲಲ್ಲಿ ಚಹ ಕೊಟ್ಟರು.

ಮಾರನೆಯ ದಿನ ಜ್ವರ ಇಳಿದಿತ್ತು, ಮೂಗು ಸೋರುತ್ತಿತ್ತು. ನೆಗಡಿ! ಒಳಗೆ ಇಲಿಮರಿಗಳು ಒಂದರ ಮೇಲೊಂದು ಬಿದ್ದು ಕುಸ್ತಿಯಾಡುತ್ತಿದ್ದವು. ಸಂತೋಷ ತಡೆಯಲಾಗದೆ ಅಂದು ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ: ಎರಡು ಉಣ್ಣೆಯ ಕಥೆ, ಅವ್ವನ ಎಮ್ಮೆಯ ಕಿವಿ, ಕೆನೆ ಬಣ್ಣದ ಸ್ವೆಟರಿಗೆ ಕಾದು ಕುಳಿತ ರಾಜಮ್ಮನವರು. ಮಿಸ್ ಪಾಮರ್ ಮೊದಲು ಕಣ್ಣು ಕಿರಿದು ಮಾಡಿದರು. ಆಮೇಲೆ ಬೀಗದ ಕೈ ಸಿಕ್ಕಿತು. ಗಾಜಿನ ಆಚೆ ಅವರು ಹೊಟ್ಟೆ ಹಿಡಿದುಕೊಂಡು ನಗುವುದನ್ನು ಇಡೀ ಸಂಶೋಧನಾಲಯ ಬಂದು ನಿಂತು ನೋಡಿತು.

ಉಳಿದ ದಿನಗಳಲ್ಲಿ ಅವರು ನೂಲು ತರಿಸಿಕೊಂಡು ರಾಜಮ್ಮನವರಿಗೆಂದು ಒಂದು ಸ್ವೆಟರು ಹೆಣೆದರು, ಕೆನೆ ಬಣ್ಣದ್ದೇ. ಹೆಣಿಗೆ ಬಲು ಚೆನ್ನಾಗಿತ್ತು. ಆದರೆ ಗಾಜಿನ ಕೋಣೆಯಿಂದ ಹೊರಗೆ ಬರುವ ಯಾವ ವಸ್ತುವೂ ಆಟೋಕ್ಲೇವ್ ಎಂಬ ದೊಡ್ಡ ಇಡ್ಲಿ ಹಂಡೆಯಲ್ಲಿ ಬೇಯಲೇಬೇಕು ಎಂಬುದು ನಿಯಮ, ನಿಯಮ ಬರೆದವರು ಅವರೇ. ಸ್ವೆಟರು ಬೆಂದು, ನನ್ನ ಅಂಗೈಯಷ್ಟಾಗಿ ಹೊರಗೆ ಬಂತು. ಅದರ ಜೊತೆ ನನ್ನ ಕಾಲೇಜಿಗೆ ಬೇಕಾಗಿದ್ದ ಕಾಗದವನ್ನೂ ಕೈಯಲ್ಲಿಟ್ಟು, ಇದನ್ನು ಮಾತ್ರ ಬೇಯಿಸಿಲ್ಲ ಎಂದರು.

ಹೂಟಗಳ್ಳಿ

ರಾಜಮ್ಮನವರು ಸ್ವೆಟರಿನ ತೋಳಿಗೆ ಎರಡು ಬೆರಳು ತೂರಿಸಿ ನೋಡಿದರು. ಇಂಗ್ಲೆಂಡಿನ ಹೆಂಗಸರು ಇಷ್ಟೇ ಇರುತ್ತಾರೇನ್ರೀ ಎಂದು ಕೇಳಿದರು. ಇನ್ನು ಮುಚ್ಚಿಡುವುದು ಬೇಡವೆಂದು ಎರಡನೆಯ ಉಣ್ಣೆಯ ವಿಷಯ ತಿಳಿಸಿದೆ. ಮಂಚದ ಕೆಳಗಿನ ಸಂಗತಿ ಕೇಳಿ ಒಂದು ಹೆಜ್ಜೆ ಹಿಂದೆ ಹೋದರು, ಮನೆ ಖಾಲಿ ಮಾಡಿ ಎನ್ನಲಿಲ್ಲ. ನವರಾತ್ರಿಯಲ್ಲಿ ನೋಡಿದರೆ ಪಟ್ಟದ ಬೊಂಬೆಯ ರಾಜ ಜರಿಪೇಟದ ಕೆಳಗೆ ಕೆನೆ ಬಣ್ಣದ ಸ್ವೆಟರು ತೊಟ್ಟು ನಿಂತಿದ್ದ. ಬಂದವರಿಗೆಲ್ಲ ಅವರು, ಇಂಗ್ಲೆಂಡಿನ ದೊಡ್ಡ ಡಾಕ್ಟರಮ್ಮ ಹೆಣೆದದ್ದು ಎಂದು ಹೇಳುತ್ತಿದ್ದರು.

ಬೆಟ್ಟ ಹತ್ತಿ ಹರಕೆ ತೀರಿಸಿ, ಕಾಲು ಊದಿಸಿಕೊಂಡು ಊರಿಗೆ ಹೋದೆ. ಕಾಲೇಜಿನಲ್ಲಿ ಎಲ್ಲರೂ ಆ ದೇಶದ ಯಂತ್ರಗಳ ಬಗ್ಗೆ ಕೇಳಿದ್ದರು, ಹಡಗಿನ ಬಗ್ಗೆ, ಊಟದ ಬಗ್ಗೆ. ಅವ್ವ ಮುದ್ದೆ ಬಡಿಸಿ ಎದುರು ಕೂತು ಎಲ್ಲ ಕಥೆ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ.

"ಆ ಯಮ್ಮ ಈಗ ಎಂಗವ್ಳೆ?"

ಚೆನ್ನಾಗಿದ್ದಾರೆ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನಂಜನನ್ನೂ ಹಾಗೆ ಯಾರಾದರೂ ದಿನಾ ಬಂದು ನಿಂತು ನೋಡಿಕೊಂಡಿದ್ದರೆ ಎಂದಳು. ಮಾತು ಮುಗಿಸಲಿಲ್ಲ.

ಎದ್ದು ಕೊಟ್ಟಿಗೆಗೆ ಹೋದಳು. ಎಮ್ಮೆಯನ್ನು ಗದರಿಸುವುದು ಕೇಳಿಸಿತು. ತಿರುಗಿ ಬಂದಾಗ ಅವಳ ಅಂಗೈ ಅರ್ಧ ಮುಚ್ಚಿತ್ತು.

"ತಕೋ. ಇನ್ನೂ ಬೇಕಾದ್ರೆ ಕೇಳು, ಕಿತ್ತಿಡ್ತೀನಿ. ನಿನ್ ಕ್ವಾಣೆ ಶುರು ಮಾಡು."

ಜೇಬಿನಲ್ಲಿದ್ದ ಕೊಳವೆ ತೆಗೆದು ಅವಳ ಅಂಗೈಯ ಉಣ್ಣೆಯನ್ನು ಅದರೊಳಗೆ ಹಾಕಿಕೊಂಡೆ. ಅವ್ವ ಬಗ್ಗಿ ನೋಡಿದಳು. ಅವಳ ಉಸಿರು ತಾಗಿ ಅದು ಮುಂಗಾಲೆರಡೂ ಮೇಲೆತ್ತಿತು.